ಮೊದಲು ಹೋತ, ಆಮೇಲೆ ಹಾಲು ಬತ್ತಿಸುವುದು: ಕರಾವಿನ ಆಡಿನ ಬಗ್ಗೆ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಆಡು ಎರಡನೇ ಸಲ ಈದು ಏಳು ತಿಂಗಳಾಯಿತು. ಎರಡು ಹೊತ್ತೂ ಸೇರಿ ದಿನಕ್ಕೆ ಒಂದೂವರೆ ಲೀಟರ್ ಹಾಲು ಕೊಡುತ್ತಿದೆ. ಮರಿಗಳು ಹಾಲು ಬಿಟ್ಟಾಗಿದೆ. ಈಗ ಹಾಲು ಬತ್ತಿಸಿ, ಎರಡು ತಿಂಗಳು ವಿಶ್ರಾಂತಿ ಕೊಟ್ಟು, ಆಮೇಲೆ ಹೋತದ ಬಳಿ ಬಿಡಬೇಕೆಂದಿದ್ದೇನೆ. ಹೋದ ವರ್ಷ ಒಮ್ಮೆಲೇ ಕರೆಯುವುದನ್ನು ನಿಲ್ಲಿಸಿದಾಗ ಎರಡನೇ ದಿನವೇ ಕೆಚ್ಚಲು ಕಲ್ಲಿನಂತಾಯಿತು. ಹೆದರಿ ದಿನವೂ ಸ್ವಲ್ಪ ಸ್ವಲ್ಪ ಹಿಂಡುತ್ತಾ ಹೋದೆ, ಹಾಲು ನಿಲ್ಲಲು ಒಂದೂವರೆ ತಿಂಗಳು ಹಿಡಿಯಿತು. ನೀರು ಕಡಿಮೆ ಮಾಡಿದರೆ ಬೇಗ ಬತ್ತುತ್ತದೆ ಎನ್ನುತ್ತಾರೆ, ನಿಜವೇ? ಕೆಚ್ಚಲಿನ ಎಡಭಾಗ ಬಲಭಾಗಕ್ಕಿಂತ ಸ್ವಲ್ಪ ಚಿಕ್ಕದಾಗಿದೆ, ಅದು ದೋಷವೇ? ಹೋತಕ್ಕೆ ಬಿಡುವ ಮೊದಲು ಏನೇನು ಸಿದ್ಧತೆ ಬೇಕು?

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುವ ಮೊದಲು, ನೀವು ಹಾಕಿಕೊಂಡಿರುವ ಕ್ರಮವನ್ನೇ ಸ್ವಲ್ಪ ತಿದ್ದಬೇಕಾಗಿದೆ. ಹಾಲು ಬತ್ತಿಸುವುದು ಹೋತಕ್ಕೆ ಬಿಡುವ ಮುಂಚಿನ ಸಿದ್ಧತೆಯಲ್ಲ, ಮರಿ ಹಾಕುವ ಮುಂಚಿನ ಸಿದ್ಧತೆ. ಆಡಿಗೆ ಬೇಕಾದ ಎರಡು ತಿಂಗಳ ವಿಶ್ರಾಂತಿಯನ್ನು ಮುಂದಿನ ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸಬೇಕೇ ಹೊರತು, ಹೋತದ ಬಳಿಗೆ ಕಳುಹಿಸುವ ದಿನದಿಂದಲ್ಲ. ಮೈಕಟ್ಟು ಚೆನ್ನಾಗಿರುವ ಆಡು ಹಾಲು ಕೊಡುತ್ತಿರುವಾಗಲೇ ಬೆದೆಗೆ ಬರುತ್ತದೆ, ಗಬ್ಬ ನಿಲ್ಲುತ್ತದೆ, ಗಬ್ಬದ ಮೊದಲ ಮೂರು ತಿಂಗಳು ಹಾಲನ್ನೂ ಕೊಡುತ್ತಿರುತ್ತದೆ. ಆ ಮೂರು ತಿಂಗಳಲ್ಲಿ ಹೊಟ್ಟೆಯೊಳಗಿನ ಮರಿಗಳು ಬಹಳ ಚಿಕ್ಕವಾಗಿರುವುದರಿಂದ ಅವು ತಾಯಿಯಿಂದ ಕೇಳುವ ಆಹಾರವೂ ಅತ್ಯಲ್ಪ.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಡಿನ ಗಬ್ಬದ ಅವಧಿ ಸುಮಾರು 150 ದಿನ. ಐದು ದಿನ ಹಿಂದೆಮುಂದೆ ಆಗುವುದು ಸಾಮಾನ್ಯ. ನಿಮ್ಮ ಯೋಜನೆಯಂತೆ ಈಗಲೇ ಹಾಲು ನಿಲ್ಲಿಸಿ ಎರಡು ತಿಂಗಳ ಬಳಿಕ ಹೋತಕ್ಕೆ ಬಿಟ್ಟರೆ, ಆ ಎರಡು ತಿಂಗಳೂ ಗಬ್ಬದ ಐದು ತಿಂಗಳೂ ಸೇರಿ ಏಳು ತಿಂಗಳು ಒಂದು ತೊಟ್ಟು ಹಾಲಿಲ್ಲದೆ ಆಡನ್ನು ಸಾಕಬೇಕು. ಅದರ ಬದಲು ಈಗಿನ ಬೆದೆಯಲ್ಲೇ ಹೋತಕ್ಕೆ ಬಿಟ್ಟರೆ ಇನ್ನೂ ಮೂರು ತಿಂಗಳು ಕರೆದುಕೊಳ್ಳಬಹುದು, ಆಮೇಲಿನ ಎರಡು ತಿಂಗಳು ಪೂರ್ಣ ವಿಶ್ರಾಂತಿ ಸಿಗುತ್ತದೆ, ಹಿಂದಿನ ಹೆರಿಗೆಗೆ ಸರಿಯಾಗಿ ಒಂದು ವರ್ಷವಾಗುವ ಹೊತ್ತಿಗೆ ಮರಿಗಳೂ ಬರುತ್ತವೆ. ಉದಾಹರಣೆಗೆ, ಆಗಸ್ಟ್ 1ರಂದು ಹೋತ ಹಾರಿದರೆ ಹಾಲು ನಿಲ್ಲಿಸುವ ದಿನ ಅಕ್ಟೋಬರ್ 30ರ ಆಸುಪಾಸು, ಮರಿ ಹಾಕುವ ದಿನ ಡಿಸೆಂಬರ್ 29ರ ಆಸುಪಾಸು. ಹೋತ ಹಾರಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡದವರು ಆಮೇಲೆ ಎಲ್ಲವನ್ನೂ ಅಂದಾಜಿನಲ್ಲೇ ಮಾಡಬೇಕಾಗುತ್ತದೆ. ಈ ಕೆಲಸದಲ್ಲಿ ಅಂದಾಜು ಎರಡು ವಾರ ತಪ್ಪಿದರೂ ಅದರ ನಷ್ಟ ಗಿಣ್ಣು ಹಾಲಿನಲ್ಲಿ ಕಾಣಿಸುತ್ತದೆ.

ಹಾಗೆಂದು ನಿಮ್ಮ ಕ್ರಮ ಎಂದೂ ಸಲ್ಲದು ಎಂದೇನಲ್ಲ. ಆಡು ತೀರಾ ಬಡಕಲಾಗಿದ್ದು, ತಿಂದದ್ದೆಲ್ಲ ಹಾಲಿಗೇ ಹೋಗಿ ಮೈ ತುಂಬಿಕೊಳ್ಳುತ್ತಲೇ ಇಲ್ಲ ಎಂದಾದರೆ, ಅಥವಾ ಕಾಯಿಲೆಯಿಂದ ಎದ್ದಿದ್ದರೆ, ಮೊದಲು ಹಾಲು ನಿಲ್ಲಿಸಿ ಮೈ ಕೂಡಿಸಿಯೇ ಹೋತಕ್ಕೆ ಬಿಡುವುದು ಸರಿ. ಇನ್ನೊಂದು ದಾರಿಯೂ ಇದೆ: ಮರಿಗಳ ಅಗತ್ಯವಿಲ್ಲ, ಮನೆಗೆ ಹಾಲು ಸಾಕು ಎನ್ನುವವರು ಹೋತಕ್ಕೆ ಬಿಡದೆಯೇ ಕರೆಯುತ್ತಾ ಹೋಗಬಹುದು, ಒಳ್ಳೆಯ ಹಾಲಿನ ತಳಿಯ ಕೆಲವು ಆಡುಗಳು ಒಂದೇ ಹೆರಿಗೆಯ ಮೇಲೆ ಎರಡು ವರ್ಷದವರೆಗೂ ಹಾಲು ಕೊಡುತ್ತವೆ. ನಿಮ್ಮದು ಈ ಯಾವ ಸಂದರ್ಭವೂ ಅಲ್ಲವೆಂದು ಭಾವಿಸಿ ಮುಂದುವರಿಯುತ್ತೇನೆ. ಆದರೆ ಮೈಕಟ್ಟಿನ ವಿಷಯವನ್ನು ನೀವೇ ಕೈಯಿಂದ ಮುಟ್ಟಿ ತೀರ್ಮಾನಿಸಬೇಕು.

ಕಣ್ಣಿನಿಂದ ನೋಡಿ ಆಡಿನ ಮೈಕಟ್ಟನ್ನು ಅಳೆಯಲಾಗದು, ಏಕೆಂದರೆ ದಟ್ಟ ಕೂದಲೂ ಮೇವಿನಿಂದ ತುಂಬಿದ ದೊಡ್ಡ ಹೊಟ್ಟೆಯೂ ಸೇರಿ ಬಡಕಲು ಆಡನ್ನು ದಪ್ಪಗೆ ತೋರಿಸುತ್ತವೆ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಭಾಗದ ಬೆನ್ನೆಲುಬಿನ ಮೇಲೆ ಅಂಗೈ ಇಟ್ಟು, ಬೆರಳುಗಳನ್ನು ಪಕ್ಕಕ್ಕೆ ಇಳಿಸಿ ಒತ್ತಿ ನೋಡಿ. ಮೂಳೆಯ ತುದಿಗಳು ಗರಗಸದ ಹಲ್ಲಿನಂತೆ ಚೂಪಾಗಿ ತಾಕಿದರೆ ಆಡು ಬಡಕಲು. ಒತ್ತಿದರೂ ಮೂಳೆ ಸಿಗದಿದ್ದರೆ ಅತಿ ಕೊಬ್ಬು. ಮೂಳೆ ತಾಕುತ್ತದೆ ಆದರೆ ತುದಿಗಳು ದುಂಡಗೆ, ಮೇಲೊಂದು ಮಾಂಸದ ಹೊದಿಕೆಯೊಂದಿಗೆ ತಾಕುತ್ತವೆ ಎಂದಾದರೆ ಸರಿಯಾದ ಸ್ಥಿತಿ. ಆಡುಗಳು ಕೊಬ್ಬನ್ನು ಬೆನ್ನಿನ ಮೇಲೆ ಕೂಡಿಡುವುದಕ್ಕಿಂತ ಹೊಟ್ಟೆಯೊಳಗೇ ಹೆಚ್ಚು ಕೂಡಿಡುವುದರಿಂದ, ಬೆನ್ನಿನ ಜೊತೆಗೆ ಮುಂಗಾಲುಗಳ ನಡುವಿನ ಎದೆಮೂಳೆಯನ್ನೂ ಮುಟ್ಟಿ ಅಲ್ಲಿನ ಕೊಬ್ಬಿನ ಮೆತ್ತೆ ಎಷ್ಟು ದಪ್ಪವಿದೆ ಎಂದು ನೋಡಬೇಕು. ಪಶುವೈದ್ಯರು ಇದಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಹೋತಕ್ಕೆ ಬಿಡುವಾಗ ಎರಡೂವರೆಯಿಂದ ಮೂರು, ಮರಿ ಹಾಕುವಾಗ ಮೂರರಿಂದ ಮೂರೂವರೆ ಇರಬೇಕು. ಎರಡಕ್ಕಿಂತ ಕೆಳಗಿದ್ದರೆ ಒಂದು ಬೆದೆಯನ್ನು ಬಿಟ್ಟುಕೊಟ್ಟು ಮೈ ತುಂಬಿಸುವುದೇ ಲಾಭ, ನಾಲ್ಕು ದಾಟಿದ್ದರೆ ದಾಣಿ ಮಿಶ್ರಣವನ್ನು (ಕಾಳು, ಹಿಂಡಿ, ತವುಡಿನಂಥ ಸಾರವುಳ್ಳ ತಿನಿಸು) ಕಡಿಮೆ ಮಾಡಬೇಕು. ಅತಿ ಕೊಬ್ಬಿದ ಆಡು ಗಬ್ಬ ನಿಲ್ಲುವುದೂ ಕಷ್ಟ, ಗಬ್ಬದ ಕೊನೆಯಲ್ಲಿ ನಂಜಿಗೆ ತುತ್ತಾಗುವುದೂ ಬೇಗ.

ಹೋತಕ್ಕೆ ಬಿಡುವ ಮೂರು ವಾರ ಮೊದಲಿನಿಂದ ದಿನಕ್ಕೆ 200ರಿಂದ 300 ಗ್ರಾಂ ದಾಣಿ ಮಿಶ್ರಣವನ್ನು ಹೆಚ್ಚುವರಿಯಾಗಿ ಕೊಟ್ಟು, ಹೋತ ಹಾರಿದ ನಂತರವೂ ಎರಡು ಮೂರು ವಾರ ಹಾಗೆಯೇ ಮುಂದುವರಿಸುವ ಪದ್ಧತಿಯಿದೆ. ಇದರಿಂದ ಒಂದೇ ಬೆದೆಯಲ್ಲಿ ಬಿಡುಗಡೆಯಾಗುವ ಅಂಡಗಳ ಸಂಖ್ಯೆ ಹೆಚ್ಚಿ ಅವಳಿ ಮರಿಗಳ ಸಾಧ್ಯತೆ ಬೆಳೆಯುತ್ತದೆ. ಆದರೆ ಇದು ಫಲ ಕೊಡುವುದು ಸ್ವಲ್ಪ ತೆಳ್ಳಗಿರುವ ಆಡುಗಳಲ್ಲಿ. ಈಗಾಗಲೇ ಮೈ ತುಂಬಿಕೊಂಡು ಹಾಲಿಗಾಗಿ ಚೆನ್ನಾಗಿ ತಿನ್ನುತ್ತಿರುವ ಆಡಿಗೆ ಮತ್ತಷ್ಟು ಸುರಿದು ಪ್ರಯೋಜನವಿಲ್ಲ. ಹೆಚ್ಚಿಸುವುದಿದ್ದರೂ ನಾಲ್ಕೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು, ಇಲ್ಲದಿದ್ದರೆ ಹೊಟ್ಟೆ ಹುಳಿಯಾಗಿ ಆಡು ಮೇವನ್ನೇ ಬಿಡುತ್ತದೆ. ಖನಿಜ ಮಿಶ್ರಣವನ್ನು ಕೊಳ್ಳುವಾಗ ಅದು ಆಡಿನದೇ ಎಂದು ಖಚಿತಪಡಿಸಿಕೊಳ್ಳಿ. ಕುರಿಗಳಿಗೆ ತಾಮ್ರ ಬೇಗ ವಿಷವಾಗುವುದರಿಂದ ಕುರಿಗಳ ಮಿಶ್ರಣದಲ್ಲಿ ಅದನ್ನು ಬಿಟ್ಟಿರುತ್ತಾರೆ ಅಥವಾ ತೀರಾ ಕಡಿಮೆ ಹಾಕಿರುತ್ತಾರೆ. ಆಡಿಗೆ ತಾಮ್ರದ ಅಗತ್ಯ ಕುರಿಗಿಂತ ಹೆಚ್ಚು, ಮತ್ತು ಅದು ಕಡಿಮೆಯಾದರೆ ಬೆದೆ ತಪ್ಪುವುದು, ಕಂದು ಹಾಕುವುದು (ಗರ್ಭಪಾತ), ಹುಟ್ಟಿದ ಮರಿಗಳ ಹಿಂಗಾಲು ತೂರಾಡುವುದು ಮುಂತಾದ ತೊಂದರೆಗಳು ಬರುತ್ತವೆ.

ಗೊರಸು ಕತ್ತರಿಸುವುದನ್ನು ಈಗಲೇ ಮುಗಿಸಿಬಿಡಿ. ಗಬ್ಬದ ಕೊನೆಯ ತಿಂಗಳಲ್ಲಿ ಆಡನ್ನು ಹಿಡಿದು ಎತ್ತಿ ಹೊರಳಿಸುವುದು ಒಳ್ಳೆಯದಲ್ಲ. ಜಂತುಗಳ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ಮದ್ದನ್ನು ಕುಡಿಸಿಬಿಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ ಒಳಪೊರೆಯ ಬಣ್ಣ ನೋಡಿ: ಕೆಂಪಾಗಿದ್ದರೆ ರಕ್ತ ಹೀರುವ ಜಂತುಗಳ ಹಾವಳಿ ಸದ್ಯಕ್ಕಿಲ್ಲ, ಬಿಳಿಚಿದ್ದರೆ ತಡ ಮಾಡುವಂತಿಲ್ಲ. ಈ ಬಣ್ಣಗಳನ್ನು ಐದು ದರ್ಜೆಯಾಗಿ ವಿಂಗಡಿಸಿದ ಫಮಾಚಾ ಎಂಬ ಬಣ್ಣದ ಪಟ್ಟಿ ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗಾಗಿ ರೂಪುಗೊಂಡಿತು, ಆಡುಗಳಿಗೂ ಈಗ ಅದನ್ನೇ ಬಳಸುತ್ತಾರೆ. ಹಿಕ್ಕೆಯ ಪರೀಕ್ಷೆ ಮಾಡಿಸಿದರೆ ಇನ್ನೂ ಖಚಿತ. ಮದ್ದು ಬೇಕಾದರೆ ಹೋತಕ್ಕೆ ಬಿಡುವ ಮೊದಲೇ ಕೊಡಿ, ಏಕೆಂದರೆ ಬಹಳ ಜನ ಬಳಸುವ ಆಲ್ಬೆಂಡಜೋಲ್ ಎಂಬ ಮದ್ದನ್ನು ಗಬ್ಬದ ಮೊದಲ ತಿಂಗಳಲ್ಲಿ ಕೊಡಬಾರದು. ಭ್ರೂಣದ ಅಂಗಗಳು ರೂಪುಗೊಳ್ಳುವ ಆ ಸಮಯದಲ್ಲಿ ಅದು ಅಂಗವೈಕಲ್ಯಕ್ಕೆ ಕಾರಣವಾಗಬಲ್ಲದು. ನಿಮ್ಮ ಆಡು ಇನ್ನೂ ಕರಾವಿನಲ್ಲಿರುವುದರಿಂದ, ಯಾವ ಮದ್ದು ಕೊಟ್ಟರೂ ಎಷ್ಟು ದಿನ ಹಾಲನ್ನು ಬಳಸಬಾರದೆಂದು ಪಶುವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ಬೆದೆ. ಸಮಭಾಜಕ ರೇಖೆಯಿಂದ ದೂರದ ಪ್ರದೇಶಗಳಲ್ಲಿ ಹಗಲು ಚಿಕ್ಕದಾಗತೊಡಗಿದ ಮೇಲೆಯೇ ಆಡುಗಳು ಬೆದೆಗೆ ಬರುತ್ತವೆ. ಸಾನೆನ್, ಆಲ್ಪೈನ್, ಟಾಗೆನ್‌ಬರ್ಗ್ ತಳಿಗಳಲ್ಲಿ ಈ ಋತುಬದ್ಧತೆ ಗಟ್ಟಿಯಾಗಿರುತ್ತದೆ. ರೇಖೆಗೆ ಹತ್ತಿರದ ಪ್ರದೇಶಗಳಲ್ಲಿ ಮೇವು ಚೆನ್ನಾಗಿದ್ದರೆ ವರ್ಷದ ಹೆಚ್ಚಿನ ತಿಂಗಳುಗಳಲ್ಲೂ ಬೆದೆ ಕಾಣಬಹುದು. ಬೆದೆ ಸುಮಾರು 21 ದಿನಗಳಿಗೊಮ್ಮೆ ಬಂದು ಒಂದರಿಂದ ಒಂದೂವರೆ ದಿನ ನಿಲ್ಲುತ್ತದೆ. ಬಾಲವನ್ನು ಬಿಡದೆ ಅಲ್ಲಾಡಿಸುವುದು, ಕಾರಣವಿಲ್ಲದೆ ಅರಚುವುದು, ಯೋನಿಯ ತುಟಿಗಳು ಕೆಂಪಾಗಿ ಊದಿಕೊಂಡು ಲೋಳೆ ಇಳಿಯುವುದು, ಬೇರೆ ಆಡುಗಳ ಮೇಲೆ ಹಾರುವುದು ಅಥವಾ ಹಾರಿಸಿಕೊಳ್ಳುವುದು, ಮೇವು ಕಡಿಮೆಯಾಗುವುದು, ಇದ್ದಕ್ಕಿದ್ದಂತೆ ಹಾಲು ಇಳಿಯುವುದು ಇದರ ಲಕ್ಷಣಗಳು. ಒಂಟಿ ಆಡಿನಲ್ಲಿ ಇವು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅಂಥವರು ಹೋತದ ಮೈಗೆ ಉಜ್ಜಿದ ಬಟ್ಟೆಯೊಂದನ್ನು ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಂಡು ದಿನಕ್ಕೊಮ್ಮೆ ಆಡಿಗೆ ಮೂಸಿಸಿ ನೋಡುವುದುಂಟು. ನೋಡುವವರಿಗೆ ನಗು ಬಂದರೂ ಉಪಾಯ ಒಳ್ಳೆಯದೇ. ಒಂದು ತಿಂಗಳಾದರೂ ಹೋತದ ವಾಸನೆಯಿಂದಲೂ ದೂರವಿದ್ದ ಆಡುಗಳ ನಡುವೆ, ಋತು ಶುರುವಾಗುವ ಹೊಸ್ತಿಲಲ್ಲಿ, ಹೋತವನ್ನು ಒಮ್ಮೆಲೇ ತಂದು ಬಿಟ್ಟರೆ ಹತ್ತು ದಿನಗಳೊಳಗೆ ಬಹುಪಾಲು ಆಡುಗಳು ಬೆದೆಗೆ ಬರುವುದೂ ಇದೆ. ಅಂಡ ಬಿಡುಗಡೆಯಾಗುವುದು ಬೆದೆಯ ಕೊನೆಯ ಭಾಗದಲ್ಲಿ. ಆದ್ದರಿಂದ ಬೆದೆ ಕಂಡ ಅರ್ಧ ದಿನದ ನಂತರ ಒಮ್ಮೆ, ಮತ್ತೆ ಹನ್ನೆರಡು ಗಂಟೆ ಬಿಟ್ಟು ಒಮ್ಮೆ ಹೋತ ಹಾರಿದರೆ ಸಾಕು.

ಹೋತದ ಆಯ್ಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು ಹೇಳಬೇಕು. ಎರವಲು ಹೋತವಾದರೆ ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗದ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ, ಕತ್ತಿನ ಬಳಿ ಅಥವಾ ದವಡೆಯ ಕೆಳಗೆ ಕೀವಿನ ಗಡ್ಡೆಗಳಿವೆಯೇ ಎಂದು ಕೈಯಾಡಿಸಿ ನೋಡಿ. ಎರಡನೆಯದು ಕೊಂಬಿನ ವಿಷಯ. ನಿಮ್ಮ ಆಡು ಹುಟ್ಟಿನಿಂದಲೇ ಬೋಳಾಗಿದ್ದರೆ ಕೊಂಬಿನ ಹೋತವನ್ನೇ ಆರಿಸಿಕೊಳ್ಳಬೇಕು. ಕೊಂಬಿಲ್ಲದಿರುವ ಗುಣವನ್ನು ತರುವ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದ ಹೆಣ್ಣುಮರಿಗಳು ಪೂರ್ತಿ ಹೆಣ್ಣಾಗಿ ಬೆಳೆಯದೆ ಗಂಡಿನ ಲಕ್ಷಣಗಳೊಂದಿಗೆ ಬರಡಾಗಿ ಉಳಿಯುತ್ತವೆ. ಮರಿಯಿದ್ದಾಗ ಕೊಂಬಿನ ಮೊಳಕೆ ಸುಡಿಸಿಕೊಂಡ ಆಡಿಗೂ ಹೋತಕ್ಕೂ ಇದು ಅನ್ವಯಿಸುವುದಿಲ್ಲ, ಅವು ವಂಶದಿಂದ ಕೊಂಬಿನವೇ.

ಹೋತ ಹಾರಿದ 18ರಿಂದ 23 ದಿನಗಳ ನಡುವೆ ಆಡು ಮತ್ತೆ ಬೆದೆಗೆ ಬರದಿದ್ದರೆ ಗಬ್ಬ ನಿಂತಿದೆ ಎಂದು ಎಲ್ಲರೂ ತಿಳಿಯುತ್ತಾರೆ. ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ಹಾಗೆಯೇ ತಿಳಿದು, ಒಂದು ಒಳ್ಳೆಯ ಕರಾವಿನ ಆಡನ್ನು ಮೂರನೇ ತಿಂಗಳಲ್ಲಿ ಹಾಲು ಬತ್ತಿಸಲು ಹೇಳಿದ್ದೆ. ಅದರ ಹೊಟ್ಟೆಯೂ ಬೆಳೆಯಿತು, ಮನೆಯವರು ಹುಲ್ಲು ಹಾಸಿ ಕಾದರು. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೋಡಿದರೆ ಹಾಸಿಗೆಯೆಲ್ಲ ನೀರು, ಹೊಟ್ಟೆ ಒಳಕ್ಕೆ ಸೇರಿತ್ತು, ಮರಿಯಿಲ್ಲ. ಗರ್ಭಕೋಶದಲ್ಲಿ ಬರಿಯ ದ್ರವ ತುಂಬಿಕೊಂಡು ಆಡಿನ ದೇಹವೇ ಗಬ್ಬವೆಂದು ಮೋಸ ಹೋಗುವ ಈ ಸುಳ್ಳು ಗಬ್ಬ ಹಾಲಿನ ಆಡುಗಳಲ್ಲಿ ಅಪರೂಪವೇನಲ್ಲ. ಅಂದಿನಿಂದ, ಹಾಲು ಬತ್ತಿಸುವ ನಿರ್ಧಾರಕ್ಕೆ ಮುನ್ನ ಅಲ್ಟ್ರಾಸೌಂಡ್ ಪರೀಕ್ಷೆಯಾಗಲೇಬೇಕು ಎಂದು ಹೇಳುತ್ತೇನೆ. ಹೋತ ಹಾರಿದ 40ರಿಂದ 60 ದಿನಗಳ ನಡುವೆ ಮಾಡಿಸಿದರೆ ಮರಿಯ ಎದೆಬಡಿತವೂ ಕಾಣುತ್ತದೆ, ಮರಿ ಒಂದೇ ಅಥವಾ ಹೆಚ್ಚೇ ಎಂಬುದೂ ತಿಳಿಯುತ್ತದೆ. ಸುಳ್ಳು ಗಬ್ಬವಾದರೆ ಪಶುವೈದ್ಯರು ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದಿನಿಂದ ಅದನ್ನು ಬಿಡಿಸುತ್ತಾರೆ. ಅದೇ ಚುಚ್ಚುಮದ್ದನ್ನು ನಿಜವಾದ ಗಬ್ಬದ ಆಡಿಗೆ ಯಾವ ತಿಂಗಳಲ್ಲಿ ಕೊಟ್ಟರೂ ಅದು ಕಂದು ಹಾಕುತ್ತದೆ, ಆದ್ದರಿಂದ ಪರೀಕ್ಷೆಯಿಲ್ಲದೆ ಆ ಮದ್ದನ್ನು ಯಾರಿಂದಲೂ ಹಾಕಿಸಬೇಡಿ.

ಈಗ ನೀವು ಮುಖ್ಯವಾಗಿ ಕೇಳಿದ ವಿಷಯಕ್ಕೆ ಬರುತ್ತೇನೆ. ಹಾಲು ಬತ್ತುವುದು ಹೇಗೆ ಎಂಬುದನ್ನು ಅರ್ಥಮಾಡಿಕೊಂಡರೆ ಹೋದ ವರ್ಷ ಎಲ್ಲಿ ತಪ್ಪಿತು ಎಂಬುದೂ ತಿಳಿಯುತ್ತದೆ. ಕೆಚ್ಚಲು ತುಂಬಿ ಒಳಗಿನ ಒತ್ತಡ ಏರಿದಾಗ, ಅಲ್ಲೇ ಉಳಿದ ಹಾಲಿನಲ್ಲಿರುವ ಕೆಲವು ವಸ್ತುಗಳೂ ಆ ಒತ್ತಡವೂ ಸೇರಿ, ಹಾಲು ತಯಾರಿಸುವ ಜೀವಕೋಶಗಳಿಗೆ ಕೆಲಸ ನಿಲ್ಲಿಸುವ ಸೂಚನೆ ಕೊಡುತ್ತವೆ. ಒಂದೆರಡು ದಿನಗಳಲ್ಲಿ ಹಾಲಿನ ಉತ್ಪತ್ತಿ ನಿಂತು, ಆ ಕೋಶಗಳು ಕುಗ್ಗತೊಡಗುತ್ತವೆ, ಉಳಿದ ಹಾಲನ್ನು ಮೈ ಮರಳಿ ಹೀರಿಕೊಳ್ಳುತ್ತದೆ, ಮೊಲೆತೊಟ್ಟಿನ ತುದಿಯ ರಂಧ್ರದಲ್ಲಿ ಕೆರಟಿನ್ ಎಂಬ ಮೇಣದಂಥ ಬಿರಟೆ ಕಟ್ಟಿಕೊಂಡು ಹೊರಗಿನ ಸೋಂಕಿಗೆ ಬಾಗಿಲು ಮುಚ್ಚುತ್ತದೆ. ಅಂದರೆ ನೀವು ಹೆದರಿದ ಆ ಬಿಗಿತವೇ ಹಾಲು ಬತ್ತಿಸುವ ಸಾಧನ. ಎರಡನೇ, ಮೂರನೇ ದಿನ ಅದು ಅತ್ಯಂತ ಹೆಚ್ಚಾಗಿರುತ್ತದೆ. ಸರಿಯಾಗಿ ಆ ಹೊತ್ತಿಗೆ ನೀವು ಸ್ವಲ್ಪ ಹಿಂಡಿ ಒತ್ತಡ ಇಳಿಸಿದಿರಿ, ಕೆಚ್ಚಲು ಮತ್ತೆ ಕೆಲಸ ಶುರುಮಾಡಿತು. ದಿನವೂ ಹಾಗೆಯೇ ಮಾಡಿದ್ದರಿಂದ ಹಾಲು ನಿಲ್ಲಲು ಕಾರಣವೇ ಸಿಗಲಿಲ್ಲ, ಜೊತೆಗೆ ಪ್ರತಿ ಸಲವೂ ತೊಟ್ಟಿನ ಬಾಗಿಲು ತೆರೆದುಕೊಂಡಿತು. ಆ ಒಂದೂವರೆ ತಿಂಗಳಲ್ಲಿ ಕೆಚ್ಚಲು ಬಾವು ಬರದೇ ಹೋದದ್ದು ನಿಮ್ಮ ಅದೃಷ್ಟ.

ನೀರಿನ ಮಾತು ನಿಜವಲ್ಲ, ಕನಿಷ್ಠ ಪಾಲಿಸುವಂಥದ್ದಲ್ಲ. ಗಬ್ಬದ ಆಡಿಗೆ ನೀರು ತಪ್ಪಿಸಿದರೆ ಮೊದಲು ಕೆಡುವುದು ಅದರ ಜೀರ್ಣಶಕ್ತಿ. ಸೆಕೆಗಾಲದಲ್ಲಿ ಪ್ರಾಣಕ್ಕೇ ಅಪಾಯ. ಕಡಿಮೆ ಮಾಡಬೇಕಾದದ್ದು ದಾಣಿ. ನಿಲ್ಲಿಸಬೇಕಾದ ದಿನಕ್ಕೆ ಒಂದು ವಾರ, ಹತ್ತು ದಿನ ಮೊದಲಿನಿಂದ ದಾಣಿ ಮಿಶ್ರಣವನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಪೂರ್ತಿ ನಿಲ್ಲಿಸಿ, ಕುದುರೆಮಸಾಲೆಯಂಥ ದ್ವಿದಳ ಮೇವನ್ನೂ ಎಳೆಯ ಹಸಿರನ್ನೂ ಬಿಡಿಸಿ, ಒಳ್ಳೆಯ ಒಣಹುಲ್ಲನ್ನು ಬೇಕಾದಷ್ಟು ಕೊಡಿ. ಹೊಟ್ಟೆ ತುಂಬಿರಬೇಕು, ಸಾರ ಕಡಿಮೆಯಿರಬೇಕು. ಆಡು ತೆಳ್ಳಗಿದ್ದರೆ ಅಥವಾ ಮೂರು ಮರಿಗಳಿವೆಯೆಂದು ಸ್ಕ್ಯಾನಿನಲ್ಲಿ ತಿಳಿದಿದ್ದರೆ ದಾಣಿಯನ್ನು ಪೂರ್ತಿ ನಿಲ್ಲಿಸದೆ ಕಾಲುಭಾಗ ಉಳಿಸಿಕೊಳ್ಳುವುದು ಕ್ಷೇಮ. ಹಾಲು ಬತ್ತಲು ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ನಿಮ್ಮ ಆಡು ಈಗ ಒಂದೂವರೆ ಲೀಟರ್ ಕೊಡುತ್ತಿದ್ದರೂ, ಗಬ್ಬ ಮುಂದುವರಿದಂತೆ ಹಾಲು ತಾನಾಗಿಯೇ ಇಳಿಯುವುದರಿಂದ, ಮೂರು ತಿಂಗಳ ನಂತರ ದಿನಕ್ಕೆ ಒಂದು ಲೀಟರಿಗಿಂತ ಕೆಳಗೆ ಬಂದಿರುವ ಸಾಧ್ಯತೆಯೇ ಹೆಚ್ಚು. ಅಷ್ಟಕ್ಕೆ ಬಂದಿದ್ದರೆ ದಾಣಿ ನಿಲ್ಲಿಸಿದ ವಾರದ ಕೊನೆಗೆ ಒಮ್ಮೆಲೇ ಕರೆಯುವುದನ್ನು ಬಿಟ್ಟುಬಿಡಬಹುದು. ಇನ್ನೂ ಹೆಚ್ಚು ಹಾಲಿದ್ದರೆ ಐದಾರು ದಿನ ದಿನಕ್ಕೆ ಒಂದೇ ಹೊತ್ತು ಕರೆದು, ಆಮೇಲೆ ನಿಲ್ಲಿಸಿ. ಒಂದು ದಿನ ಬಿಟ್ಟು ಒಂದು ದಿನ, ಎರಡು ದಿನ ಬಿಟ್ಟು ಒಂದು ದಿನ ಎಂದು ವಾರಗಟ್ಟಲೆ ಎಳೆಯುವ ಪದ್ಧತಿಯನ್ನು ಅನುಸರಿಸುವವರೂ ಇದ್ದಾರೆ; ನನಗೆ ಅದು ಹಿಡಿಸುವುದಿಲ್ಲ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಆಡು ಹಾಲು ಇಳಿಸುವುದು ಕೈ ತಾಕಿದಾಗ ಮಾತ್ರವಲ್ಲ, ಕರೆಯುವ ಜಾಗ, ಪಾತ್ರೆಯ ಸದ್ದು, ಆ ಹೊತ್ತು, ಮರಿಯ ಕೂಗು, ಇವೆಲ್ಲವೂ ಅದನ್ನು ತೊರೆ ಬಿಡುವಂತೆ ಮಾಡುತ್ತವೆ. ಹಾಲು ನಿಲ್ಲಿಸುವ ವಾರದಲ್ಲಿ ಆಡನ್ನು ಬೇರೆ ಕೊಟ್ಟಿಗೆಗೋ ಬೇರೆ ಮೂಲೆಗೋ ಬದಲಿಸಿ, ಕರೆಯುವ ಕಟ್ಟೆಯ ಕಡೆಗೆ ಕರೆದೊಯ್ಯಬೇಡಿ. ಹಾಲು ಬಿಟ್ಟ ಮರಿಯಾದರೂ ಸಿಕ್ಕಿದರೆ ಬಾಯಿ ಹಾಕುತ್ತದೆ, ಆದ್ದರಿಂದ ಅವುಗಳನ್ನು ಬೇರೆಯೇ ಇಡಬೇಕು.

ಕೊನೆಯ ಸಲ ಕರೆಯುವಾಗ ಅವಸರ ಮಾಡಬಾರದು. ಅದಕ್ಕೂ ಕೆಲವು ದಿನ ಮೊದಲು ಎರಡೂ ಭಾಗಗಳ ಹಾಲನ್ನು ಬೇರೆಬೇರೆಯಾಗಿ ಕೆಚ್ಚಲಿನ ಸೋಂಕನ್ನು ಪತ್ತೆಹಚ್ಚುವ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್ ಎಂಬ ದ್ರಾವಣದ ಪರೀಕ್ಷೆಗೆ ಒಳಪಡಿಸಿ. ಆಡಿನ ಹಾಲಿನಲ್ಲಿ, ಅದರಲ್ಲೂ ಕರಾವಿನ ಕೊನೆಯಲ್ಲಿ, ಸೋಂಕಿಲ್ಲದಿದ್ದರೂ ಜೀವಕೋಶಗಳ ಸಂಖ್ಯೆ ಹಸುವಿನ ಹಾಲಿಗಿಂತ ಹೆಚ್ಚಿರುವುದರಿಂದ ದ್ರಾವಣ ಸ್ವಲ್ಪ ಲೋಳೆಯಾದರೆ ಗಾಬರಿಪಡಬೇಕಿಲ್ಲ. ಎರಡು ಭಾಗಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ಮಾತ್ರ ಆ ಭಾಗದ ಹಾಲನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಹಳೆಯ ಸೋಂಕು ಇದೆಯೆಂದು ಖಚಿತವಾದರೆ ಹಾಲು ಬತ್ತಿಸುವ ದಿನವೇ ಚಿಕಿತ್ಸೆಗೆ ಸೂಕ್ತ ಸಮಯ, ಏಕೆಂದರೆ ತೊಟ್ಟಿನೊಳಕ್ಕೆ ಹಾಕಿದ ನಿಧಾನವಾಗಿ ಬಿಡುಗಡೆಯಾಗುವ ಪ್ರತಿಜೀವಕ ವಾರಗಟ್ಟಲೆ ಅಲ್ಲೇ ಉಳಿದು ಕೆಲಸ ಮಾಡುತ್ತದೆ. ಈ ಪ್ರತಿಜೀವಕದ ಟ್ಯೂಬುಗಳು ಸಾಮಾನ್ಯವಾಗಿ ಹಸುವಿಗೆಂದು ತಯಾರಾದವು. ಯಾವುದನ್ನು ಬಳಸಬೇಕು, ಮರಿ ಹಾಕಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಒಂದು ಟ್ಯೂಬನ್ನು ಎರಡು ತೊಟ್ಟಿಗೆ ಹಂಚುವ ಉಳಿತಾಯ ಮಾತ್ರ ಬೇಡ: ಒಂದು ತೊಟ್ಟಿನ ಸೋಂಕು ಅದೇ ತುದಿಯಿಂದ ಇನ್ನೊಂದಕ್ಕೆ ಸಾಗುತ್ತದೆ. ಆಡಿನ ತೊಟ್ಟಿನ ರಂಧ್ರ ಚಿಕ್ಕದು, ಹಾಗಾಗಿ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಟ್ಯೂಬಿನ ಮೂತಿಯನ್ನು ಕೆಲವೇ ಮಿಲಿಮೀಟರಿನಷ್ಟು ಒಳಗಿಟ್ಟು ಒತ್ತಿದರೆ ಸಾಕು. ಸೋಂಕಿಲ್ಲದ ಆಡಿಗೆ ಟ್ಯೂಬು ಹಾಕಲೇಬೇಕೆಂದೇನಿಲ್ಲ. ಎರಡೂ ಭಾಗಗಳನ್ನು ಕೊನೆಯ ಹನಿಯವರೆಗೆ ಕರೆದು, ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ರಂಧ್ರ ಮುಚ್ಚಿಕೊಳ್ಳುವವರೆಗೆ ಅರ್ಧ ಗಂಟೆಯಾದರೂ ಆಡು ಮಲಗದಂತೆ ಮುಂದೆ ಹುಲ್ಲು ಹಾಕಿ ನಿಲ್ಲಿಸಿಕೊಳ್ಳಿ. ಅದು ಮಲಗುವ ಜಾಗ ಮುಂದಿನ ಎರಡು ವಾರ ಒಣಗಿದ್ದು ಶುಚಿಯಾಗಿರಬೇಕು. ಟ್ಯೂಬಿಗಿಂತ ಇದರ ಮೇಲೆ ನನಗೆ ಹೆಚ್ಚು ನಂಬಿಕೆ.

ಆಮೇಲೆ ಕೈ ಕಟ್ಟಿ ಕೂರುವುದೇ ಕಷ್ಟದ ಕೆಲಸ. ಬೆಳಿಗ್ಗೆ ಸಂಜೆ ಅಂಗೈಯಿಂದ ಕೆಚ್ಚಲನ್ನು ಮುಟ್ಟಿ ನೋಡಿ, ತೊಟ್ಟನ್ನು ಮಾತ್ರ ಎಳೆಯಬೇಡಿ. ಕೆಚ್ಚಲು ಬಿಗಿದು ಹೊಳೆಯುತ್ತದೆ, ಆಡು ಕಾಲು ಅಗಲಿಸಿ ನಡೆಯುತ್ತದೆ, ಕರೆಯುವ ಹೊತ್ತಿಗೆ ಕೂಗುತ್ತದೆ. ಎರಡೂ ಭಾಗಗಳು ಸಮನಾಗಿ ತುಂಬಿದ್ದು, ಆಡು ಮೇವು ತಿಂದು ಮೆಲುಕು ಹಾಕುತ್ತಿದ್ದರೆ ಇದೆಲ್ಲವೂ ಸಹಜ. ನಾಲ್ಕನೇ, ಐದನೇ ದಿನಕ್ಕೆ ಬಿಗಿತ ಸಡಿಲವಾಗತೊಡಗಿ, ಎರಡು ವಾರದ ಹೊತ್ತಿಗೆ ಕೆಚ್ಚಲು ಮೆತ್ತಗೆ ಜೋಲುತ್ತದೆ. ಐದನೇ ದಿನವೂ ಬಿಗಿತ ಇಳಿಯದೆ ಆಡು ತೀರಾ ಸಂಕಟಪಡುತ್ತಿದ್ದರೆ, ಸ್ವಲ್ಪ ಸ್ವಲ್ಪವಲ್ಲ, ಒಂದೇ ಸಲ ಪೂರ್ತಿ ಕರೆದು, ತೊಟ್ಟುಗಳನ್ನು ಅದ್ದಿ, ಮತ್ತೆ ಮೊದಲ ದಿನದಿಂದ ಎಣಿಕೆ ಶುರುಮಾಡಿ. ಹೆದರಬೇಕಾದ ಲಕ್ಷಣಗಳು ಬೇರೆ: ಒಂದೇ ಭಾಗ ಬಿಸಿಯಾಗಿ ಕೆಂಪೇರುವುದು, ಮುಟ್ಟಿದರೆ ಒದೆಯುವುದು, ಆ ಕಡೆಯ ಹಿಂಗಾಲು ಕುಂಟುವುದು, ಮೇವು ಬಿಡುವುದು, ವಿಶ್ರಾಂತಿಯಲ್ಲಿದ್ದಾಗಲೂ ಮೈಶಾಖ 40 ಡಿಗ್ರಿ ಸೆಲ್ಸಿಯಸ್ ದಾಟುವುದು. ಹೀಗಾದರೆ ಕರೆದು ಹಾಲು ನೋಡಿ, ಅದೇ ದಿನ ಪಶುವೈದ್ಯರನ್ನು ಕರೆಸಿ. ಕೆಚ್ಚಲಿನ ಚರ್ಮ ತಣ್ಣಗಾಗಿ ನೀಲಿಗಟ್ಟಿದರೆ ಅದು ಕೊಳೆಯುವ ಕೆಚ್ಚಲು ಬಾವು, ಅಲ್ಲಿ ಗಂಟೆಗಳ ಲೆಕ್ಕ.

ಈ ಎರಡು ತಿಂಗಳನ್ನು ಕಡಿತ ಮಾಡಬೇಡಿ. 45 ದಿನಕ್ಕಿಂತ ಕಡಿಮೆಯಾದರೆ ಹಳೆಯ ಹಾಲಿನ ಕೋಶಗಳು ಕುಗ್ಗಿ ಹೊಸವು ಬೆಳೆಯಲು ಸಮಯ ಸಾಲದೆ ಮುಂದಿನ ಕರಾವು ಕುಸಿಯುತ್ತದೆ, ಮತ್ತು ಕೊನೆಯ ಕೆಲವು ವಾರಗಳಲ್ಲಿ ಕೆಚ್ಚಲಿನಲ್ಲಿ ಶೇಖರವಾಗಬೇಕಾದ ಗಿಣ್ಣು ಹಾಲು ತೆಳುವಾಗುತ್ತದೆ. ಬತ್ತಿದ ಮೊದಲ ಎರಡು ವಾರ ಹುಲ್ಲು, ನೀರು, ಖನಿಜ ಸಾಕು. ಹೊಟ್ಟೆಯೊಳಗಿನ ಮರಿಗಳ ತೂಕದ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಬೆಳೆಯುವುದು ಕೊನೆಯ 50 ದಿನಗಳಲ್ಲಿ. ಅದೇ ಹೊತ್ತಿಗೆ ಗರ್ಭಕೋಶ ಹಿಗ್ಗಿ ಆಡಿನ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆಯಾಗುತ್ತದೆ. ಆದ್ದರಿಂದ ಕೊನೆಯ ಆರು ವಾರಗಳಲ್ಲಿ ಒಳ್ಳೆಯ ಮೇವಿನ ಜೊತೆ ದಾಣಿಯನ್ನು ದಿನಕ್ಕೆ 100 ಗ್ರಾಮಿನಿಂದ ಶುರುಮಾಡಿ, ಮೈಕಟ್ಟನ್ನೂ ಮರಿಗಳ ಸಂಖ್ಯೆಯನ್ನೂ ನೋಡಿಕೊಂಡು ಅರ್ಧ ಕಿಲೋ ತನಕ ಏರಿಸಿ, ಎರಡು ಹೊತ್ತಿಗೆ ಹಂಚಿ ಕೊಡಿ. ಇದರಲ್ಲಿ ಎಡವಿದರೆ ಆಡು ತನ್ನ ಮೈಯ ಕೊಬ್ಬನ್ನೇ ಕರಗಿಸಿ, ಅದರಿಂದ ಹುಟ್ಟುವ ಕೀಟೋನ್‌ಗಳು ರಕ್ತದಲ್ಲಿ ಸೇರಿ ಗರ್ಭದ ನಂಜು ಉಂಟಾಗುತ್ತದೆ. ಮೊದಲು ದಾಣಿ ಬಿಡುತ್ತದೆ, ಹಿಂಡಿನಿಂದ ಹಿಂದೆ ಉಳಿಯುತ್ತದೆ, ಹಲ್ಲು ಕಡಿಯುತ್ತದೆ, ಬಳಿಕ ಏಳಲಾರದೆ ಮಲಗುತ್ತದೆ; ಮಲಗಿದ ಮೇಲೆ ಉಳಿಸುವುದು ಕಷ್ಟ. ಗಬ್ಬದ ಕೊನೆಯ ತಿಂಗಳಲ್ಲಿ ಒಂದು ಹೊತ್ತು ದಾಣಿ ಮುಟ್ಟದಿದ್ದರೂ ಅದನ್ನು ಕಾಯಿಲೆಯೆಂದೇ ಭಾವಿಸಬೇಕು. ಹೆರಿಗೆಗೆ ನಾಲ್ಕು ವಾರ ಮೊದಲು ಕರುಳು ಬೇನೆ ಮತ್ತು ಧನುರ್ವಾಯು ಲಸಿಕೆ ಹಾಕಿಸಿದರೆ, ಅದರಿಂದ ಹುಟ್ಟುವ ರಕ್ಷಣೆ ಗಿಣ್ಣು ಹಾಲಿನ ಮೂಲಕ ಮರಿಗಳಿಗೆ ದಾಟುತ್ತದೆ. ಕೊನೆಯ ವಾರಗಳಲ್ಲಿ ಕೆಚ್ಚಲು ಮತ್ತೆ ತುಂಬುವುದನ್ನು ಕಂಡು ಹಾಲು ಬಂದಿತೆಂದು ಕರೆಯಬೇಡಿ, ಅದು ಮರಿಗಳ ಪಾಲಿನ ಗಿಣ್ಣು.

ಎಡಭಾಗ ಚಿಕ್ಕದಾಗಿರುವುದರ ಬಗ್ಗೆ ಈಗಲೇ ತೀರ್ಪು ಕೊಡಲಾಗದು. ಮರಿಗಳು ಒಂದೇ ಕಡೆ ಕುಡಿದು ರೂಢಿಯಾಗಿದ್ದರೂ, ಕರೆಯುವವರು ಒಂದು ಭಾಗವನ್ನು ಅರ್ಧಕ್ಕೇ ಬಿಡುತ್ತಿದ್ದರೂ ಹೀಗಾಗುತ್ತದೆ; ಅಂಥದ್ದು ಮುಂದಿನ ಹೆರಿಗೆಯ ನಂತರ ಸಮನಾಗುವುದುಂಟು. ಹಳೆಯ ಬಾವಿನಿಂದ ಒಳಗೆ ಗಂಟುಗಟ್ಟಿ ಆ ಭಾಗ ಸತ್ತಿದ್ದರೆ ಮಾತ್ರ ಅದು ಮರಳಿ ಬರುವುದಿಲ್ಲ. ತುಂಬಿದ ಕೆಚ್ಚಲಿನಲ್ಲಿ ಈ ಗಂಟುಗಳು ಕೈಗೆ ಸಿಗುವುದಿಲ್ಲ. ಹಾಲು ನಿಲ್ಲಿಸಿ ಮೂರು ವಾರವಾದ ಮೇಲೆ, ಕೆಚ್ಚಲು ಪೂರ್ತಿ ಮೆತ್ತಗಾದಾಗ, ಎರಡೂ ಭಾಗಗಳನ್ನು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ಹೋಲಿಸಿ ನೋಡಿ: ಎಡಭಾಗವೂ ಬಲಭಾಗದಂತೆ ನುಣುಪಾಗಿ ಒಂದೇ ಸಮನೆ ಮೆತ್ತಗಿದ್ದರೆ ಚಿಂತೆ ಬೇಡ, ನಡುವೆ ಗೋಲಿಯಂತೆ ಗಟ್ಟಿ ಗಂಟು ತಾಕಿದರೆ ಪಶುವೈದ್ಯರಿಗೆ ತೋರಿಸಿ, ಮರಿ ಹಾಕಿದ ಮೊದಲ ದಿನವೇ ಆ ಭಾಗದ ಹಾಲನ್ನು ಬೇರೆಯಾಗಿ ಪರೀಕ್ಷೆಗೆ ಕಳುಹಿಸಿ.